ಹೆಸರು, ವೆಚ್ಚ ಮತ್ತು ಕೆಂಪು ಶಾಯಿ: ಪತ್ರಿಕೋದ್ಯಮ ಪದವಿಯ ಆಯ್ಕೆಯ ಒಂದು ಪ್ರಕರಣ

ಹಿನ್ನೆಲೆ

ಪದವಿಗೆ ಸೇರುವವರಿಗೆ ಸಲಹೆ ನೀಡುವ ಕೆಲಸಕ್ಕೆ ಬರುವ ಮೊದಲು ನಾನು ಹಲವು ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿ, ಅಂದರೆ ವರದಿಗಳನ್ನು ತಿದ್ದುವ ವಿಭಾಗದಲ್ಲಿ, ಇದ್ದೆ. ಹೀಗಾಗಿ ಪತ್ರಿಕೋದ್ಯಮ ಓದಬೇಕೆಂದು ಬರುವವರ ಕಡತಗಳು ಸಾಮಾನ್ಯವಾಗಿ ನನ್ನ ಮೇಜಿಗೇ ಬಂದು ಸೇರುತ್ತವೆ. ಇಲ್ಲಿ ಹೇಳಹೊರಟಿರುವುದು ಅಂಥ ಒಂದು ಕಡತದ ಕಥೆ. ವಿದ್ಯಾರ್ಥಿನಿಯ ಮತ್ತು ಪೋಷಕರ ಒಪ್ಪಿಗೆ ಪಡೆದು, ಅವರನ್ನಾಗಲಿ ಸಂಸ್ಥೆಗಳನ್ನಾಗಲಿ ಗುರುತಿಸಲು ಆಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಹಣದ ಮೊತ್ತಗಳ ಜಾಗದಲ್ಲಿ ಪ್ರಮಾಣಗಳನ್ನಷ್ಟೇ ಕೊಟ್ಟಿದ್ದೇನೆ. ಓದುವವರು ತಮ್ಮ ತಮ್ಮ ಅಂಕಿಗಳನ್ನು ಅಲ್ಲಿ ತುಂಬಿಕೊಳ್ಳಬಹುದು.

ವಿದ್ಯಾರ್ಥಿನಿಯದು ಒಬ್ಬರೇ ದುಡಿಯುವ ಮನೆ. ಅವಳಿಗಿಂತ ಎರಡು ತರಗತಿ ಕೆಳಗೆ ತಮ್ಮನಿದ್ದಾನೆ. ಶಾಲೆಯ ಕೊನೆಯ ವರ್ಷದಲ್ಲಿ ಅವಳು ತನ್ನ ಬಡಾವಣೆಗೆ ನೀರು ಬಿಡುವ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು, ನೀರು ನಿಜವಾಗಿ ಬಂದ ಹೊತ್ತನ್ನು ಅದರ ಪಕ್ಕದಲ್ಲಿ ಎರಡು ತಿಂಗಳು ಬರೆದಿಟ್ಟಿದ್ದಳು. ಆ ಎರಡು ಸಾಲುಗಳ ನಡುವಿನ ಅಂತರವನ್ನು ವಿವರಿಸಿ ಸ್ಥಳೀಯ ಪತ್ರಿಕೆಯ ವಾಚಕರ ವಾಣಿಗೆ ಕಳುಹಿಸಿದ ಪತ್ರ ಪ್ರಕಟವಾಗಿತ್ತು. ನನಗೆ ಅವಳ ಅಂಕಪಟ್ಟಿಗಿಂತ ಆ ನೋಟ್‌ಬುಕ್ಕೇ ಹೆಚ್ಚು ಹೇಳಿತು.

ಸಮಸ್ಯೆ

ಅವಳಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು, ಹೆಸರು ಹೇಳಿದರೆ ಸಾಕು ಎಲ್ಲರೂ ತಲೆದೂಗುವಂಥ ವಿಶ್ವವಿದ್ಯಾಲಯ. ಇದನ್ನು ಮೊದಲನೆಯದು ಎಂದು ಕರೆಯೋಣ. ಇನ್ನೊಂದು, ಶುಲ್ಕ ಕಡಿಮೆ ಇರುವ, ಸುತ್ತಲಿನ ನಾಲ್ಕು ಊರು ದಾಟಿದರೆ ಯಾರೂ ಕೇಳಿರದ ಎರಡನೆಯದು. ಬೋಧನಾ ಶುಲ್ಕ, ವಸತಿ, ಊಟ, ಪ್ರಯಾಣ, ಕ್ಯಾಮೆರಾ, ಲ್ಯಾಪ್‌ಟಾಪ್ ಎಲ್ಲವನ್ನೂ ಸೇರಿಸಿ ಎರಡನೆಯದರ ಮೂರು ವರ್ಷದ ವೆಚ್ಚವನ್ನು 100 ಭಾಗ ಎಂದಿಟ್ಟುಕೊಂಡರೆ, ಮೊದಲನೆಯದರ ವೆಚ್ಚ 260 ಭಾಗವಾಗುತ್ತಿತ್ತು. ಮೊದಲನೆಯದು 30 ಭಾಗದಷ್ಟು ಶುಲ್ಕ ರಿಯಾಯಿತಿ ಕೊಡುವುದಾಗಿ ಬರೆದಿತ್ತು. ಮನೆಯವರ ಉಳಿತಾಯವಿದ್ದದ್ದು 120 ಭಾಗ. ಉಳಿದ 110 ಭಾಗಕ್ಕೆ ಸಾಲವೇ ಗತಿ.

ತಂದೆಯವರ ನಿಲುವು ಖಚಿತವಾಗಿತ್ತು. ‘ಹೆಸರು ಒಂದು ಸಲ ಸಂಪಾದಿಸಿದರೆ ಜೀವನಪೂರ್ತಿ ಜೊತೆಗಿರುತ್ತದೆ ಸಾರ್, ಸಾಲ ಹತ್ತು ವರ್ಷದಲ್ಲಿ ತೀರುತ್ತದೆ’ ಎಂದರು. ಇದು ಮೂರ್ಖತನದ ಮಾತಲ್ಲ. ವೈದ್ಯಕೀಯ, ಕಾನೂನು, ಆಡಳಿತ ನಿರ್ವಹಣೆಯಂಥ ಕ್ಷೇತ್ರಗಳಲ್ಲಿ ಈ ಲೆಕ್ಕ ಅನೇಕರ ಪಾಲಿಗೆ ಸರಿಹೋಗಿದೆ. ಪತ್ರಿಕೋದ್ಯಮದ ತೊಡಕು ಬೇರೆ. ಈ ವೃತ್ತಿಗೆ ಬರಲು ಇದೇ ಪದವಿ ಬೇಕೆಂಬ ನಿಯಮ ಬಹುತೇಕ ಕಡೆ ಇಲ್ಲ. ಅಮೆರಿಕದ ವಾಟರ್‌ಗೇಟ್ ರಾಜಕೀಯ ಹಗರಣವನ್ನು ಬಯಲಿಗೆಳೆದ ಇಬ್ಬರು ವರದಿಗಾರರಲ್ಲಿ ಬಾಬ್ ವುಡ್‌ವರ್ಡ್ ಓದಿದ್ದು ಇತಿಹಾಸ ಮತ್ತು ಇಂಗ್ಲಿಷ್ ಸಾಹಿತ್ಯ. ಕಾರ್ಲ್ ಬರ್ನ್‌ಸ್ಟೀನ್ ವಿಶ್ವವಿದ್ಯಾಲಯದ ಓದನ್ನು ಪೂರ್ತಿ ಮಾಡಲೇ ಇಲ್ಲ. ಪದವಿ ಬಾಗಿಲ ಕೀಲಿಯಲ್ಲವಾದ ಮೇಲೆ, ಅದರಿಂದ ಸಿಗಬೇಕಾದದ್ದು ಕೈಗೆ ಹತ್ತುವ ಕಸುಬು ಮತ್ತು ಕರೆದರೆ ಓಗೊಡುವ ನಾಲ್ಕು ಜನ. ಈ ಎರಡಕ್ಕೂ ಎಷ್ಟು ಕೊಡಬಹುದು ಎಂಬುದೇ ಮನೆಯವರ ಮುಂದಿದ್ದ ಪ್ರಶ್ನೆ. ಆದರೆ ಅವರು ಅದನ್ನು ಹಾಗೆ ಕೇಳಿಕೊಂಡಿರಲಿಲ್ಲ, ನಾನೂ ಕೇಳಿಸಿರಲಿಲ್ಲ.

ಮೊದಲ ಪ್ರಯತ್ನ, ಮತ್ತು ನನ್ನ ತಪ್ಪು

ನಾನು ಎಲ್ಲರಿಗೂ ಕೊಡುವ ಒಂದು ಕೋಷ್ಟಕವನ್ನು ಅವಳಿಗೂ ಕೊಟ್ಟೆ. ಎಡಕ್ಕೆ ಮಾನದಂಡಗಳು: ರ‍್ಯಾಂಕಿಂಗ್, ಹಳೆಯ ವಿದ್ಯಾರ್ಥಿಗಳ ಸಾಧನೆ, ಕ್ಷೇತ್ರದಲ್ಲಿನ ಮನ್ನಣೆ, ಸೌಲಭ್ಯ, ಅಧ್ಯಾಪಕರು, ವೆಚ್ಚ. ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ. ಕೂಡಿ ನೋಡಿದಾಗ ಮೊದಲನೆಯದು ಸುಲಭವಾಗಿ ಗೆದ್ದಿತು. ತಂದೆಯವರು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು.

ಎರಡು ದಿನ ಬಿಟ್ಟು ವಿದ್ಯಾರ್ಥಿನಿ ಒಬ್ಬಳೇ ಬಂದಳು. ‘ಸರ್, ಇದರಲ್ಲಿ ಮೊದಲ ಮೂರು ಸಾಲುಗಳೂ ಒಂದನ್ನೇ ಕೇಳುತ್ತಿವೆ ಅಲ್ಲವೇ?’ ಎಂದಳು. ರ‍್ಯಾಂಕಿಂಗ್ ಬರುವುದು ಬಹುಮಟ್ಟಿಗೆ ಮನ್ನಣೆಯ ಸಮೀಕ್ಷೆಯಿಂದ; ಮನ್ನಣೆ ಬಂದದ್ದು ಹಳೆಯ ವಿದ್ಯಾರ್ಥಿಗಳಿಂದ; ಹಳೆಯ ವಿದ್ಯಾರ್ಥಿಗಳು ಅಲ್ಲಿಗೆ ಹೋದದ್ದು ರ‍್ಯಾಂಕಿಂಗ್ ನೋಡಿ. ಒಂದೇ ಹೆಸರನ್ನು ನಾನು ಮೂರು ಸಲ ಎಣಿಸಿದ್ದೆ. ವೆಚ್ಚವನ್ನು ಮಾತ್ರ ಒಂದೇ ಸಲ. ಇಷ್ಟು ವರ್ಷ ಆ ಕೋಷ್ಟಕವನ್ನು ಹಂಚಿದ ನನಗೆ ಇದು ಹೊಳೆದಿರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಈ ಪ್ರಕರಣ ತಿರುವು ಪಡೆದದ್ದು ಇಲ್ಲಿಯೇ.

ಅಲ್ಲಿಂದ ಮುಂದೆ ನಾವು ‘ಹೆಸರು’ ಎಂಬುದನ್ನು ಬಿಡಿಸಿ ನೋಡತೊಡಗಿದೆವು. ಜಾಗತಿಕ ವಿಷಯವಾರು ಪಟ್ಟಿಗಳಲ್ಲಿ ಪ್ರಸಿದ್ಧವಾದ ಕ್ಯೂಎಸ್ ಪಟ್ಟಿಯಲ್ಲಿ ಪತ್ರಿಕೋದ್ಯಮ ಪ್ರತ್ಯೇಕ ವಿಷಯವೇ ಅಲ್ಲ. ಅಲ್ಲಿರುವುದು ‘ಸಂವಹನ ಮತ್ತು ಮಾಧ್ಯಮ ಅಧ್ಯಯನ’. ಅಧ್ಯಾಪಕರ ಮತ್ತು ಉದ್ಯೋಗದಾತರ ಅಭಿಪ್ರಾಯ, ಸಂಶೋಧನಾ ಪ್ರಬಂಧಗಳ ಉಲ್ಲೇಖ, ಇವೇ ಅಲ್ಲಿ ಅಳತೆಗೋಲು. ಮಾಧ್ಯಮ ಸಿದ್ಧಾಂತದಲ್ಲಿ ಘನವಾದ ಸಂಶೋಧನೆ ನಡೆಸುವ ವಿಭಾಗವೊಂದು ಅದರಲ್ಲಿ ಮೇಲಿರಬಹುದು. ಅಲ್ಲಿನ ಪದವಿ ವಿದ್ಯಾರ್ಥಿ ನ್ಯಾಯಾಲಯದ ಆದೇಶವನ್ನು ಓದಿ ಮುನ್ನೂರು ಪದಗಳಲ್ಲಿ ಬರೆಯಲು ಕಲಿತಿದ್ದಾನೆಯೇ ಎಂಬುದು ಆ ಸಂಖ್ಯೆಯಿಂದ ತಿಳಿಯುವುದಿಲ್ಲ.

ಹಳೆಯ ಹೆಸರಾಂತ ಶಾಲೆಗಳ ಇತಿಹಾಸವನ್ನೂ ಅವಳಿಗೆ ಹೇಳಿದೆ, ಹೆಸರು ಬೇರೆ ಬೇರೆ ದಾರಿಯಿಂದ ಬರುತ್ತದೆ ಎಂದು ತೋರಿಸಲು. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ 1908ರಲ್ಲಿ ವಾಲ್ಟರ್ ವಿಲಿಯಮ್ಸ್ ಅವರ ನೇತೃತ್ವದಲ್ಲಿ ಆರಂಭವಾದಾಗ, ತರಗತಿ ಶುರುವಾದ ದಿನವೇ ಅದರ ಪತ್ರಿಕೆಯೂ ಹೊರಬಂದಿತು. ವಿದ್ಯಾರ್ಥಿಗಳು ಊರಿಗೆ ನಿಜವಾದ ಸುದ್ದಿ ಬರೆಯುತ್ತ, ಅನುಭವಿ ಸಂಪಾದಕರ ಕೈಕೆಳಗೆ ಕಲಿಯುವ ಆ ಪದ್ಧತಿಯೇ ಅದರ ಹೆಸರಿಗೆ ಮೂಲ. ಅಮೆರಿಕದ ಪತ್ರಿಕಾ ಒಡೆಯ ಜೋಸೆಫ್ ಪುಲಿಟ್ಜರ್ 1911ರಲ್ಲಿ ತೀರಿಕೊಂಡ ಮರುವರ್ಷ, ಅವರು ಕೊಟ್ಟ ದತ್ತಿಯಿಂದ ಕೊಲಂಬಿಯಾ ವಿಶ್ವವಿದ್ಯಾಲಯದ ಶಾಲೆ ತೆರೆಯಿತು; 1917ರಿಂದ ಅವರ ಹೆಸರಿನ ಪ್ರಶಸ್ತಿಗಳನ್ನು ಆ ವಿಶ್ವವಿದ್ಯಾಲಯ ನೀಡುತ್ತಿದೆ. ಆದರೆ ಆ ಶಾಲೆ ಇಂದು ಪದವಿ ಹಂತದಲ್ಲಿ ಕಲಿಸುವುದಿಲ್ಲ, ಸ್ನಾತಕೋತ್ತರ ಹಂತದಿಂದಷ್ಟೇ ಕಲಿಸುತ್ತದೆ. ಮಾನ್ಯತೆಯ ಮುದ್ರೆಯೂ ಕೊನೆಯ ಮಾತಲ್ಲ: ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮೆಡಿಲ್ ಶಾಲೆ 2017ರಲ್ಲಿ ಪತ್ರಿಕೋದ್ಯಮ ಶಿಕ್ಷಣದ ಮಾನ್ಯತಾ ಮಂಡಳಿಯಿಂದ ತಾನಾಗಿಯೇ ಹೊರನಡೆದರೂ ಅದರ ಹೆಸರು ಹೋಗಲಿಲ್ಲ.

ಕೊಲಂಬಿಯಾದ ಮಾತು ಕೇಳಿದೊಡನೆ ವಿದ್ಯಾರ್ಥಿನಿ ಕೇಳಿದ್ದು: ‘ಹಾಗಾದರೆ ಮೊದಲನೆಯದರ ಹೆಸರು ಯಾವ ಕೋರ್ಸಿನದು?’

ಎರಡನೆಯ ಪ್ರಯತ್ನ: ಕಾಪಿ (ಬರೆದ ವರದಿ) ತೋರಿಸಿ ಎಂದು ಕೇಳಿದ್ದು

ಈ ಪ್ರಶ್ನೆಗೆ ಪ್ರಾಸ್ಪೆಕ್ಟಸ್‌ನಲ್ಲಿ ಉತ್ತರವಿರಲಿಲ್ಲ. ಎರಡೂ ಕಡೆ ಓದುತ್ತಿದ್ದ ಐದೈದು ವಿದ್ಯಾರ್ಥಿಗಳನ್ನು ಅವಳು ಹುಡುಕಿ ಮಾತನಾಡಿಸಿದಳು. ‘ಕೋರ್ಸ್ ಹೇಗಿದೆ’ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಅಷ್ಟು ಹಣ ಕೊಟ್ಟವರು ಬೇರೆ ಹೇಳುವುದೂ ಕಷ್ಟ. ಆದ್ದರಿಂದ ನಾವು ಪ್ರಶ್ನೆಗಳನ್ನು ಬದಲಿಸಿಕೊಂಡೆವು. ಕಳೆದ ತಿಂಗಳು ನೀವು ಎಷ್ಟು ವರದಿ ಬರೆದಿರಿ? ಅದಕ್ಕಾಗಿ ಎಷ್ಟು ಜನರನ್ನು ಮಾತನಾಡಿಸಿದಿರಿ? ಬರೆದದ್ದನ್ನು ತಿದ್ದಿದವರು ಯಾರು? ವರದಿಗಾರಿಕೆಯ ತರಗತಿಯಲ್ಲಿ ಎಷ್ಟು ಜನ ಇದ್ದೀರಿ? ತಿದ್ದಿ ಹಿಂತಿರುಗಿಸಿದ ಒಂದು ಪುಟದ ಚಿತ್ರ ಕಳುಹಿಸುತ್ತೀರಾ?

ಕೊನೆಯ ಪ್ರಶ್ನೆಯೇ ಹೆಚ್ಚು ಕೆಲಸ ಮಾಡಿತು. ಮೊದಲನೆಯ ಕಡೆಯಿಂದ ಬಂದ ಮೂರು ಪುಟಗಳಲ್ಲಿ ಎರಡರಲ್ಲಿ ಗ್ರೇಡ್ ಮಾತ್ರ ಇತ್ತು, ಒಂದರಲ್ಲಿ ‘ಚೆನ್ನಾಗಿದೆ, ಇನ್ನಷ್ಟು ಆಳ ಬೇಕು’ ಎಂಬ ಒಂದು ಸಾಲು. ಎರಡನೆಯ ಕಡೆಯಿಂದ ಬಂದ ನಾಲ್ಕು ಪುಟಗಳಲ್ಲಿ ಅಕ್ಷರಕ್ಕಿಂತ ಕೆಂಪು ಶಾಯಿಯೇ ಹೆಚ್ಚಾಗಿತ್ತು. ‘ಇದನ್ನು ಯಾರು ಹೇಳಿದರು?’, ‘ಆರೋಪಕ್ಕೆ ಒಳಗಾದವರ ಮಾತು ಎಲ್ಲಿ?’, ‘ಮೂರನೇ ಪ್ಯಾರಾದಲ್ಲಿರುವುದೇ ನಿಮ್ಮ ಸುದ್ದಿ, ಅದನ್ನು ಮೇಲೆ ತನ್ನಿ’. ಡೆಸ್ಕಿನಲ್ಲಿ ಕುಳಿತವರಿಗೆ ಈ ಕೈಬರಹದ ಬೆಲೆ ಗೊತ್ತು. ಒಬ್ಬ ಹೊಸ ವರದಿಗಾರನ ಕಾಪಿಯನ್ನು ಹೀಗೆ ತಿದ್ದಲು ಅರ್ಧ ಗಂಟೆಯಾದರೂ ಬೇಕು. ತರಗತಿಯಲ್ಲಿ ಅರವತ್ತು ಜನರಿದ್ದರೆ ಇದು ಯಾರಿಂದಲೂ ಆಗದ ಕೆಲಸ. ಅಮೆರಿಕದ ಮಾನ್ಯತಾ ಮಂಡಳಿಯು ಕೌಶಲ ತರಗತಿಗಳಲ್ಲಿ ಒಬ್ಬ ಅಧ್ಯಾಪಕರಿಗೆ 20 ವಿದ್ಯಾರ್ಥಿಗಳನ್ನು ಮೀರಬಾರದು ಎಂದು ಮಿತಿ ಹಾಕಿದ್ದು ಇದೇ ಕಾರಣಕ್ಕೆ ಇರಬೇಕು ಎಂದು ನಾನು ಭಾವಿಸುತ್ತೇನೆ.

ಇದರರ್ಥ ಮೊದಲನೆಯದು ಕೆಟ್ಟ ಸಂಸ್ಥೆ ಎಂದಲ್ಲ. ಅಲ್ಲಿ ದತ್ತಾಂಶ ಪತ್ರಿಕೋದ್ಯಮಕ್ಕೆ ಪ್ರತ್ಯೇಕ ಪ್ರಯೋಗಾಲಯವಿತ್ತು, ಮಾಧ್ಯಮ ಕಾನೂನನ್ನು ವಕೀಲಿ ವೃತ್ತಿಯಲ್ಲಿದ್ದವರೇ ಕಲಿಸುತ್ತಿದ್ದರು, ತನಿಖಾ ವರದಿಗಾರಿಕೆಯ ಘಟಕವಿತ್ತು. ಆದರೆ ಪ್ರಯೋಗಾಲಯ ಮತ್ತು ತನಿಖಾ ಘಟಕಗಳು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮೀಸಲಾಗಿದ್ದವು. ಪದವಿ ವಿದ್ಯಾರ್ಥಿಗಳಿಗೆ ಕೊನೆಯ ವರ್ಷದ ಕೊನೆಯ ಅವಧಿಯಲ್ಲಿ ಪ್ರವೇಶ. ಹೆಸರು ನಿಜವೇ, ಅದನ್ನು ಗಳಿಸಿದ್ದು ಪಕ್ಕದ ಕೋರ್ಸು.

ಎರಡನೆಯದರ ಕೊರತೆಗಳೂ ಈ ಮಾತುಕತೆಯಲ್ಲೇ ಗೊತ್ತಾದವು. ಅಲ್ಲಿ ವಾರಕ್ಕೊಮ್ಮೆ ವಿದ್ಯಾರ್ಥಿಗಳೇ ಬರೆಯುವ ಪ್ರಾಯೋಗಿಕ ಪತ್ರಿಕೆ ಬರುತ್ತಿತ್ತು, ಆದರೆ ವಿಡಿಯೊ ಉಪಕರಣಗಳು ಹಳೆಯವು. ಮಾಧ್ಯಮ ಕಾನೂನಿಗೆ ಕಾಯಂ ಅಧ್ಯಾಪಕರಿರಲಿಲ್ಲ. ಯುನೆಸ್ಕೊ 2007ರಲ್ಲಿ ಪ್ರಕಟಿಸಿದ ಮಾದರಿ ಪಠ್ಯಕ್ರಮವು ವೃತ್ತಿ ಕೌಶಲ, ಪತ್ರಿಕೋದ್ಯಮದ ಸಾಮಾಜಿಕ-ಕಾನೂನು-ನೈತಿಕ ನೆಲೆ, ಮತ್ತು ಲೋಕಜ್ಞಾನ ಎಂಬ ಮೂರು ಎಳೆಗಳು ಜೊತೆಯಾಗಿ ಸಾಗಬೇಕೆನ್ನುತ್ತದೆ. ಆ ಅಳತೆಯಲ್ಲಿ ಎರಡನೆಯ ಸಂಸ್ಥೆ ಮೊದಲ ಎಳೆಯಲ್ಲಿ ಗಟ್ಟಿ, ಎರಡನೆಯ ಎಳೆಯಲ್ಲಿ ಸಡಿಲ. ಇದನ್ನು ನಾನು ಕಡತದಲ್ಲಿ ಬರೆದುಕೊಂಡೆ; ಬರೆದುಕೊಂಡು ಸುಮ್ಮನಾದೆ.

ಹಣದ ಲೆಕ್ಕ

ಸಾಲದ ಮಾತಿಗೆ ಬರೋಣ. ವರ್ಷಕ್ಕೆ ಶೇ 10ರ ಬಡ್ಡಿಯಲ್ಲಿ 100 ಭಾಗ ಸಾಲ ಪಡೆದು ಹತ್ತು ವರ್ಷದಲ್ಲಿ ಸಮಾನ ಕಂತುಗಳಲ್ಲಿ ತೀರಿಸಿದರೆ ಒಟ್ಟು ಸುಮಾರು 159 ಭಾಗ ಕಟ್ಟಬೇಕಾಗುತ್ತದೆ. ಕಂತು ಹಗುರವಾಗಲಿ ಎಂದು ಹದಿನೈದು ವರ್ಷಕ್ಕೆ ಎಳೆದರೆ ಅದು 193 ಭಾಗ. ಇವರ 110 ಭಾಗದ ಸಾಲಕ್ಕೆ, ಓದುವ ಅವಧಿಯಲ್ಲಿ ಬೆಳೆಯುವ ಬಡ್ಡಿಯನ್ನು ಬಿಟ್ಟರೂ, ಹತ್ತು ವರ್ಷ ಪ್ರತಿ ತಿಂಗಳೂ ಸುಮಾರು 1.45 ಭಾಗದ ಕಂತು ಬೀಳುತ್ತಿತ್ತು. ಈಚೆಗೆ ಕೆಲಸಕ್ಕೆ ಸೇರಿದ ಆರು ಮಂದಿಯನ್ನು ವಿಚಾರಿಸಿದಾಗ, ಹೊಸ ವರದಿಗಾರರ ಆರಂಭದ ಸಂಬಳ ಇದೇ ಅಳತೆಯಲ್ಲಿ ತಿಂಗಳಿಗೆ ಸುಮಾರು 4 ಭಾಗ ಎಂದು ತಿಳಿಯಿತು. ಅಂದರೆ ಸಂಬಳದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಕಂತಿಗೇ ಹೋಗುತ್ತದೆ. ಹಾಗಿರುವಾಗ ಮೊದಲ ಕೆಲಸ ಯಾವುದೆಂದು ತೀರ್ಮಾನಿಸುವುದು ವಿದ್ಯಾರ್ಥಿನಿಯಲ್ಲ, ಸಾಲ. ಕಡಿಮೆ ಸಂಬಳದ ಒಳ್ಳೆಯ ಬೀಟಿಗಿಂತ (ವರದಿಗಾರರಿಗೆ ವಹಿಸುವ ನಿರ್ದಿಷ್ಟ ಕ್ಷೇತ್ರ) ಹೆಚ್ಚು ಸಂಬಳದ ಪ್ರಚಾರ ಸಂಸ್ಥೆಯ ಕೆಲಸವೇ ಅನಿವಾರ್ಯವಾಗುತ್ತದೆ.

ರಿಯಾಯಿತಿ ಪತ್ರವನ್ನು ಮತ್ತೊಮ್ಮೆ ಓದಿದಾಗ ‘ಪ್ರತಿ ವರ್ಷ ನವೀಕರಣಕ್ಕೆ ಒಳಪಟ್ಟು’ ಎಂಬ ಪದಗಳು ಕಣ್ಣಿಗೆ ಬಿದ್ದವು. ತರಗತಿಯ ಮೇಲಿನ ಹತ್ತರಲ್ಲೊಂದು ಭಾಗದೊಳಗೆ ಉಳಿದರೆ ಮಾತ್ರ ಎರಡನೇ ವರ್ಷದ ರಿಯಾಯಿತಿ. ಹಿಂದಿನ ವರ್ಷ ಎಷ್ಟು ಜನ ಅದನ್ನು ಉಳಿಸಿಕೊಂಡರು ಎಂದು ಕೇಳಿ ಬರೆದ ಪತ್ರಕ್ಕೆ ‘ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ’ ಎಂಬ ಉತ್ತರ ಬಂತು. ಮನೆಯ ಪರಿಸ್ಥಿತಿಯನ್ನು ವಿವರಿಸಿ, ದಾಖಲೆಗಳನ್ನು ಲಗತ್ತಿಸಿ, ರಿಯಾಯಿತಿ ಹೆಚ್ಚಿಸಲು ಕೋರಿದಾಗ ಇನ್ನು 15 ಭಾಗ ಸಿಕ್ಕಿತು. ಕೇಳಿದರೆ ಸೀಟು ಹೋದೀತೆಂದು ಅನೇಕ ಪೋಷಕರು ಹೆದರುತ್ತಾರೆ. ನಾನು ಕಂಡ ಪ್ರಕರಣಗಳಲ್ಲಿ ವಿನಯದಿಂದ ಕೇಳಿದ್ದಕ್ಕೆ ಯಾರ ಸೀಟೂ ಹೋಗಿಲ್ಲ. ಆದರೂ ಸಾಲ 95 ಭಾಗಕ್ಕೆ ಇಳಿಯಿತೇ ಹೊರತು ಚಿತ್ರ ಬದಲಾಗಲಿಲ್ಲ.

ತಂದೆಯವರು ಇನ್ನೂ ಒಪ್ಪಿರಲಿಲ್ಲ. ಅಲ್ಲಿಯವರೆಗೆ ಸುಮ್ಮನಿದ್ದ ತಾಯಿ, ‘ಕೆಲಸ ಕೊಡುವವರು ಏನು ನೋಡುತ್ತಾರೋ ಅವರನ್ನೇ ಒಂದು ಮಾತು ಕೇಳಬಾರದೇ? ನಾವೇ ಇಲ್ಲಿ ಕೂತು ಜಗಳವಾಡುವುದು ಯಾಕೆ?’ ಎಂದರು. ನನಗೆ ಪರಿಚಯವಿದ್ದ ಮೂವರು ಸಂಪಾದಕರೊಡನೆ ತಂದೆಯವರೇ ಮಾತನಾಡಿದರು. ಒಬ್ಬರು, ನೂರಾರು ಅರ್ಜಿ ಬಂದಾಗ ಮೊದಲ ಜರಡಿಯಲ್ಲಿ ಸಂಸ್ಥೆಯ ಹೆಸರು ನೋಡುತ್ತೇವೆ ಎಂದು ನೇರವಾಗಿ ಹೇಳಿದರು. ಇನ್ನೊಬ್ಬರು ಪ್ರಕಟವಾದ ಬರಹ ಕೇಳುತ್ತೇವೆ ಎಂದರು. ಮೂರನೆಯವರು ಒಂದು ಪತ್ರಿಕಾ ಪ್ರಕಟಣೆಯನ್ನೂ ಅರ್ಧ ಗಂಟೆಯನ್ನೂ ಕೊಟ್ಟು, ಬರೆದ ಸುದ್ದಿಯನ್ನು ನೋಡಿ ತೀರ್ಮಾನಿಸುತ್ತೇವೆ ಎಂದರು. ಮೂರರಲ್ಲಿ ಒಂದು ಬಾಗಿಲು ಹೆಸರಿಲ್ಲದೆ ತೆರೆಯುವುದಿಲ್ಲ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. ಆ ಒಂದು ಬಾಗಿಲಿಗೆ ಹತ್ತು ವರ್ಷದ ಕಂತು ಹೆಚ್ಚಾಯಿತೆಂದು ತಂದೆಯವರು ಅರೆಮನಸ್ಸಿನಿಂದ ಒಪ್ಪಿದರು.

ಅವಳು ಎರಡನೆಯದಕ್ಕೆ ಸೇರಿದಳು. ಉಳಿತಾಯದಲ್ಲಿ ಮಿಕ್ಕ 20 ಭಾಗವನ್ನು ಮನೆಯವರು ಪ್ರತ್ಯೇಕ ಖಾತೆಯಲ್ಲಿಟ್ಟು, ಇಂಟರ್ನ್‌ಶಿಪ್‌ಗೆ ಹೊರತು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲವೆಂದು ನಿಶ್ಚಯಿಸಿದರು. ಹೆಸರಿನಿಂದ ಸಿಗಬಹುದಾಗಿದ್ದ ಸಂಪರ್ಕವನ್ನು ಆ ಹಣದಿಂದ ಬೇರೆ ದಾರಿಯಲ್ಲಿ ಗಳಿಸಬೇಕೆಂಬುದು ಯೋಜನೆ.

ನಡೆದದ್ದು

ಮೊದಲ ವರ್ಷ ನಿರೀಕ್ಷೆಯಂತೆ ನಡೆಯಿತು. ಎರಡನೇ ವರ್ಷದ ಆರಂಭದಲ್ಲಿ, ಆ ಕೆಂಪು ಶಾಯಿಯ ಅಧ್ಯಾಪಕರು ಕೆಲಸ ಬಿಟ್ಟರು. ಅವರು ಗುತ್ತಿಗೆಯ ಮೇಲಿದ್ದವರು. ಇಡೀ ಪ್ರಾಯೋಗಿಕ ಪತ್ರಿಕೆ ಅವರೊಬ್ಬರ ಹೆಗಲ ಮೇಲೆ ನಿಂತಿತ್ತು. ವಾರಪತ್ರಿಕೆ ಮಾಸಪತ್ರಿಕೆಯಾಯಿತು, ತಿದ್ದುವವರು ಇಲ್ಲವಾದರು. ನಮಗೆ ಬಂದಿದ್ದ ನಾಲ್ಕು ಪುಟಗಳಲ್ಲೂ ಇದ್ದದ್ದು ಒಂದೇ ಕೈಬರಹ. ಡೆಸ್ಕಿನಲ್ಲಿ ವರ್ಷಗಟ್ಟಲೆ ಕೈಬರಹ ಗುರುತಿಸಿ ಬದುಕಿದ ನಾನು, ‘ಇವರು ಕಾಯಂ ನೌಕರರೇ, ಇವರಲ್ಲದೆ ಇನ್ನು ಯಾರು ತಿದ್ದುತ್ತಾರೆ?’ ಎಂದು ಅವಳಿಂದ ಕೇಳಿಸಲೇ ಇಲ್ಲ.

ಅವಳೂ ನಾಲ್ವರು ಸಹಪಾಠಿಗಳೂ ಊರಿನ ಒಂದು ಸಣ್ಣ ವಾರಪತ್ರಿಕೆಗೆ ಸಂಭಾವನೆಯಿಲ್ಲದೆ ಬರೆಯಲು ಒಪ್ಪಿಕೊಂಡರು. ಷರತ್ತು ಒಂದೇ: ಸಂಪಾದಕರು ತಿದ್ದಿದ ಪ್ರತಿಯನ್ನು ಹಿಂತಿರುಗಿಸಬೇಕು. ಕೊನೆಯ ವರ್ಷದಲ್ಲಿ ಬೇರೆ ಊರಿನ ದೊಡ್ಡ ಸುದ್ದಿಮನೆಯೊಂದರಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತು, ಅದೂ ವೇತನವಿಲ್ಲದ್ದೇ. ಮೀಸಲಿಟ್ಟ ಹಣದಲ್ಲಿ ಮುಕ್ಕಾಲು ಪಾಲು ಆ ಎರಡು ತಿಂಗಳ ಬಾಡಿಗೆಗೂ ಓಡಾಟಕ್ಕೂ ಖರ್ಚಾಯಿತು. ವೇತನವಿಲ್ಲದ ಇಂಟರ್ನ್‌ಶಿಪ್ ಸರಿಯೇ ಎಂಬುದು ಬೇರೆ ಚರ್ಚೆ, ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ. ಆದರೆ ಅದು ಇರುವವರೆಗೆ, ಪದವಿಯ ವೆಚ್ಚದ ಲೆಕ್ಕದಲ್ಲಿ ಅದನ್ನೂ ಸೇರಿಸದೆ ವಿಧಿಯಿಲ್ಲ.

ಪದವಿ ಮುಗಿದ ಮೇಲೆ ಅವಳು ಏಳು ಕಡೆ ಅರ್ಜಿ ಹಾಕಿದಳು. ಎರಡು ಸಂಸ್ಥೆಗಳು ತಮ್ಮ ಪಟ್ಟಿಯಲ್ಲಿರುವ ವಿಶ್ವವಿದ್ಯಾಲಯಗಳಿಂದ ಮಾತ್ರ ಆರಿಸಿಕೊಳ್ಳುವವು; ಅಲ್ಲಿ ಅವಳ ಅರ್ಜಿ ತೆರೆದೂ ಇರಲಿಕ್ಕಿಲ್ಲ. ಮೂರು ಕಡೆಯಿಂದ ಉತ್ತರವಿಲ್ಲ. ಒಂದು ಪ್ರಚಾರ ಸಂಸ್ಥೆ ಒಳ್ಳೆಯ ಸಂಬಳಕ್ಕೆ ಕರೆಯಿತು. ಇಂಟರ್ನ್‌ಶಿಪ್ ಮಾಡಿದ್ದ ಸುದ್ದಿಮನೆ ಅರ್ಧ ಗಂಟೆಯ ಪರೀಕ್ಷೆ ಕೊಟ್ಟು, ನ್ಯಾಯಾಲಯದ ಬೀಟಿಗೆ ಕಡಿಮೆ ಸಂಬಳಕ್ಕೆ ಕರೆಯಿತು. ಕಂತಿನ ಚಿಂತೆ ಇರಲಿಲ್ಲವಾದ್ದರಿಂದ ಅವಳು ನ್ಯಾಯಾಲಯವನ್ನು ಆರಿಸಿಕೊಂಡಳು.

ಅದೇ ವರ್ಷ ನನ್ನಲ್ಲಿಗೇ ಬಂದಿದ್ದ ಇನ್ನೊಬ್ಬ ವಿದ್ಯಾರ್ಥಿ ಮೊದಲನೆಯದರಿಂದ ಹೊರಬಂದಿದ್ದ. ಅವನಿಗೆ ಮೂರೂ ವರ್ಷಕ್ಕೆ ಪೂರ್ಣ ವಿದ್ಯಾರ್ಥಿವೇತನವಿತ್ತು. ಅವನ ಮೊದಲ ಕೆಲಸ ಸಿಕ್ಕಿದ್ದು ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಒಂದು ಫೋನ್ ಕರೆಯಿಂದ. ಜರಡಿಯಿಟ್ಟ ಸಂಸ್ಥೆಗಳಲ್ಲಿ ಒಂದರಲ್ಲೇ. ಅವನ ಜಾಗದಲ್ಲಿ ಯಾರಿದ್ದರೂ ಮೊದಲನೆಯದನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುತ್ತಿದ್ದೆ.

ಕೆಲಸಕ್ಕೆ ಸೇರಿದ ನಾಲ್ಕನೇ ತಿಂಗಳು, ನಾನು ಕಡತದಲ್ಲಿ ಬರೆದುಕೊಂಡು ಸುಮ್ಮನಾಗಿದ್ದ ಆ ಸಡಿಲ ಎಳೆ ಹೊರಬಿತ್ತು. ಅಪ್ರಾಪ್ತ ಬಾಲಕನೊಬ್ಬನ ಪ್ರಕರಣದ ವರದಿಯಲ್ಲಿ ಅವಳು ಹೆಸರು ಬಿಟ್ಟಿದ್ದಳು. ಆದರೆ ಅವನ ಶಾಲೆ ಮತ್ತು ತರಗತಿಯನ್ನು ಬರೆದಿದ್ದಳು. ಅಷ್ಟಿದ್ದರೆ ಸುತ್ತಲಿನವರಿಗೆ ಗುರುತು ಸಿಗಲು ಹೆಸರು ಬೇಕಿಲ್ಲ. ಡೆಸ್ಕಿನವರು ಮುದ್ರಣಕ್ಕೆ ಹೋಗುವ ಮುನ್ನ ತಡೆದರು. ಮಾಧ್ಯಮ ಕಾನೂನಿನ ಮೊದಲ ವಾರದ ಪಾಠ ಅದು. ಅವಳ ವಿಭಾಗದಲ್ಲಿ ಆ ವಿಷಯವನ್ನು ಅತಿಥಿ ಉಪನ್ಯಾಸಕರೊಬ್ಬರು ಪರೀಕ್ಷೆಗೆ ಮುನ್ನ ನಾಲ್ಕು ತರಗತಿಗಳಲ್ಲಿ ಮುಗಿಸಿದ್ದರು. ಇಂಟರ್ನ್‌ಶಿಪ್ ಖಾತೆಯಲ್ಲಿ ಉಳಿದಿದ್ದ ಹಣವನ್ನು ಅವಳು ಮಾಧ್ಯಮ ಕಾನೂನಿನ ಅಲ್ಪಾವಧಿ ಕೋರ್ಸಿಗೆ ಕಟ್ಟಿದಳು. ಅಗ್ಗದ ಕೋರ್ಸಿನಲ್ಲಿ ಬಿಟ್ಟುಹೋದದ್ದನ್ನು ಆಮೇಲೆ ಕೊಂಡುಕೊಳ್ಳಬಹುದು, ಆದರೆ ಏನು ಬಿಟ್ಟುಹೋಗಿದೆ ಎಂಬುದು ಸೇರುವ ಮೊದಲೇ ಗೊತ್ತಿರಬೇಕು. ನನಗೆ ಗೊತ್ತಿತ್ತು. ಮೊದಲ ವರ್ಷವೇ ಆ ಕೋರ್ಸನ್ನು ಯೋಜನೆಯಲ್ಲಿ ಸೇರಿಸದೆ ಹೋದದ್ದು ನನ್ನ ಲೋಪ.

ತಂದೆಯವರು ಈಗಲೂ ಪೂರ್ತಿ ಒಪ್ಪಿಲ್ಲ. ಕಳೆದ ಸಲ ಸಿಕ್ಕಾಗ ಆ ಎರಡು ಸಂಸ್ಥೆಗಳ ಮಾತನ್ನೇ ತೆಗೆದರು: ‘ಅರ್ಜಿ ತೆರೆದಿದ್ದರೆ ಏನಾಗುತ್ತಿತ್ತೋ ಯಾರಿಗೆ ಗೊತ್ತು ಸಾರ್?’ ಇಲ್ಲವೆನ್ನಲು ನನ್ನ ಬಳಿ ಏನೂ ಇಲ್ಲ.

ಬದಲಾದ ಕೋಷ್ಟಕ

ಹಳೆಯ ಕೋಷ್ಟಕವನ್ನು ಈಗ ಕೊಡುವುದಿಲ್ಲ. ಹೊಸದರಲ್ಲಿ ಹೆಸರಿಗೆ ಒಂದೇ ಸಾಲು. ಆ ಹೆಸರನ್ನು ಗಳಿಸಿದ ಕೋರ್ಸು ಯಾವುದು ಎಂದು ಬರೆಯಲು ಪಕ್ಕದಲ್ಲಿ ಜಾಗವಿದೆ. ವೆಚ್ಚದ ಕೆಳಗೆ ಸಾಲದ ತಿಂಗಳ ಕಂತು ಮತ್ತು ಆರಂಭದ ಸಂಬಳವನ್ನು ಒಂದರ ಮೇಲೊಂದು ಬರೆಯಬೇಕು. ರಿಯಾಯಿತಿ ಪತ್ರದ ನವೀಕರಣದ ಷರತ್ತನ್ನು ಅಕ್ಷರಶಃ ನಕಲು ಮಾಡಬೇಕು. ಕೊನೆಯಲ್ಲಿ ‘ತಿದ್ದಿದ ಪುಟಗಳು’ ಎಂಬ ಸಾಲಿದೆ. ಅದರ ಕೆಳಗೆ ‘ಎಷ್ಟು ಬೇರೆ ಬೇರೆ ಕೈಬರಹ?’ ಎಂದು ಸೇರಿಸಿದವಳು ಆ ವಿದ್ಯಾರ್ಥಿನಿಯೇ. ಕರಡನ್ನು ಅವಳಿಗೆ ತೋರಿಸಿದ್ದೆ, ಕೆಂಪು ಶಾಯಿಯಲ್ಲಿ ತಿದ್ದಿ ಕಳುಹಿಸಿದಳು.